ಬಾಗಿಲು

ಈ ಶರತ್ಕಾಲದಲ್ಲಿ ಇದು ಮೂರನೆಯ ಆ್ಯಪ್.
ಮೊದಲನೆಯದು, ಟಿಕ್ ಹಾಕಿದಾಗಲೆಲ್ಲ
ಪರದೆ ತುಂಬ ಬಣ್ಣದ ಚೂರು ಎರಚುತ್ತಿತ್ತು,
ಹಾಲು ತಂದದ್ದಕ್ಕೂ ಮದುವೆಯ ಸಡಗರ.
ಎರಡನೆಯದು ಬೆಳಗಿನ ಆರಕ್ಕೇ ಎಬ್ಬಿಸಿ
'ಶೋರೆನಾ, ಹನ್ನೊಂದು ಕೆಲಸ ಗಡುವು ಮೀರಿವೆ' ಎಂದು
ಕೆಂಪಕ್ಷರದಲ್ಲಿ, ಸಾಲ ಕೊಟ್ಟವನ ದನಿಯಲ್ಲಿ.
ಮೂರನೆಯದು ಬೂದುಬಣ್ಣದ್ದು, ಮಿತಭಾಷಿ.
ಹದಿನಾಲ್ಕು ದಿನ ಪುಕ್ಕಟೆ.
ಇವತ್ತಿಗೆ ಹನ್ನೆರಡು.

ನಾನು ಪಿಯಾನೊಗಳ ಶ್ರುತಿ ಸರಿಮಾಡುವವಳು.
ಟಿಬಿಲಿಸಿಯ ಏರು ಓಣಿಗಳಲ್ಲಿ
ಅರವತ್ತೆರಡು ಮನೆ, ಎರಡು ಶಾಲೆ,
ಹೋಟೆಲೊಂದರ ಬಿಳಿ ಪಿಯಾನೊ
(ಅದರ ಹೊಟ್ಟೆಯೊಳಗೆ ಯಾರೋ ವೈನ್ ಚೆಲ್ಲಿದ್ದಾರೆ).
ನನ್ನ ಕಿವಿಯನ್ನು ನಂಬಬಹುದು, ನೆನಪನ್ನಲ್ಲ.
ಹೋದ ಚಳಿಗಾಲದ ಒಂದು ಮಂಗಳವಾರ
ಮೂವರಿಗೂ ಹತ್ತು ಗಂಟೆಯೆಂದು ಮಾತು ಕೊಟ್ಟಿದ್ದೆ.
ಮೂವರೂ ಚಹಾ ಕುದಿಸಿಟ್ಟು ಕಾದರು;
ನಾನು ನಾಲ್ಕನೆಯವರ ಮನೆಯಲ್ಲಿದ್ದೆ.
ಅಕ್ಕನ ಮಗಳು ಕೆತೋ ಆಗಲೇ ಫೋನು ಕಸಿದುಕೊಂಡು
'ಎಲ್ಲಾ ಇದರಲ್ಲಿ ಹಾಕು ಚಿಕ್ಕಮ್ಮ, ತಲೆ ಹಗುರಾಗುತ್ತೆ' ಎಂದಳು.
ಹಾಕಿದೆ.
ತಲೆಯಲ್ಲಿದ್ದದ್ದು ಕೈಗೆ ಇಳಿಯಿತು, ಅಷ್ಟೇ.

ಒಂದರಿಂದ ಇನ್ನೊಂದಕ್ಕೆ ಪಟ್ಟಿ ಸಾಗಿಸುವುದೆಂದರೆ
ಮನೆ ಖಾಲಿ ಮಾಡಿದ ಹಾಗೆ:
ಹಿಡಿ ಮುರಿದ ಲೋಟ, ಯಾವ ಬೀಗದ್ದೋ ಕೀಲಿಕೈ,
ಬೇಡದ್ದೂ ಗಾಡಿ ಹತ್ತಿಬಿಡುತ್ತದೆ.
ಹಾಗೆ ಹತ್ತಿ ಬಂದದ್ದು ಈ ಒಂದು ಸಾಲು:
'ಬಾಗಿಲು.'
ಕ್ರಿಯಾಪದವಿಲ್ಲ.
ಮೇ ಒಂಬತ್ತು ಎಂದಿದೆ. ಯಾವ ಮೇ ಎಂಬುದನ್ನು
ದಾರಿಯಲ್ಲೆಲ್ಲೋ ಹಳೆಯ ಆ್ಯಪ್ ತಿಂದುಹಾಕಿದೆ.

ಯಾವ ಬಾಗಿಲು? ಏನು ಮಾಡಬೇಕಿತ್ತು ಅದನ್ನು?
ಬಣ್ಣ ಬಳಿಯುವುದೆ, ತಿರುಗಣಿಗೆ ಎಣ್ಣೆ ಬಿಡುವುದೆ,
ತಟ್ಟುವುದೆ, ಮೆಲ್ಲಗೆ ಎಳೆದುಕೊಂಡು ಬಂದುಬಿಡುವುದೆ?
ನನ್ನ ಮನೆಯದು ಗಟ್ಟಿಯಾಗಿದೆ.
ಅಂಗಳದ ಹೆಬ್ಬಾಗಿಲು ಮುಚ್ಚಿದ್ದನ್ನು ಕಂಡವರೇ ಇಲ್ಲ.
ಸಬುರ್ತಾಲೋದ ಆ ಕಟ್ಟಡದ ಲಿಫ್ಟಿನದೆ?
ನಾಣ್ಯ ನುಂಗಿ, ಅರ್ಧ ತೆರೆದು, ಯೋಚನೆಗೆ ಬೀಳುತ್ತದೆ ಅದು.
ಆದರೆ ಅದನ್ನು ರಿಪೇರಿ ಮಾಡಲು ನಾನು ಯಾರು?

ನೆರೆಯ ಗುರಾಮನನ್ನು ಕೇಳಿದೆ.
'ಮೇ ತಿಂಗಳಲ್ಲಿ ನೀನು ಸುತ್ತಿಗೆ ಕೇಳಿದ್ದೆ.'
'ಕೊಟ್ಟೆಯಾ?'
'ಕೊಟ್ಟೆ. ವಾಪಸು ಬಂದಿಲ್ಲ.'
ಒಂದು ಕೆಲಸ ಹುಡುಕಲು ಹೋಗಿ ಇನ್ನೊಂದು ಹುಟ್ಟಿತು.

ಕೆತೋ ನಕ್ಕಳು: 'ಅಳಿಸಿಬಿಡು.
ಆರು ತಿಂಗಳು ಮುಟ್ಟದ ಕೆಲಸ ಕೆಲಸವೇ ಅಲ್ಲ.'
ಅವಳ ವಯಸ್ಸಿಗೆ ಅದು ನಿಜ.
ಬೆರಳು ಎಡಕ್ಕೆ ಸರಿಸಿದೆ, ಕಸದ ಬುಟ್ಟಿಯ ಚಿತ್ರ ಬಂತು.
ಬೆರಳು ತೆಗೆದೆ.

ಪ್ರತಿ ಪಿಯಾನೊದ ಎಡತುದಿಯಲ್ಲೂ
ಯಾರೂ ಮುಟ್ಟದ ಒಂದು ಮಂದ್ರದ ತಂತಿ ಇರುತ್ತದೆ.
ಜನ್ಮದಲ್ಲಿ ನಾಲ್ಕು ಸಲ ನುಡಿದರೆ ಹೆಚ್ಚು.
ಅದನ್ನೂ ಬಿಗಿಮಾಡಿಯೇ ಏಳುತ್ತೇನೆ.
ಸಡಿಲ ಬಿಟ್ಟರೆ, ಬೇರೆಯವು ಹಾಡುವಾಗ
ಒಳಗೆಲ್ಲೋ ಕೂತು ಗೊಣಗುತ್ತದೆ.

ಹದಿನಾಲ್ಕನೆಯ ರಾತ್ರಿ ಬೂದು ಆ್ಯಪ್ ಕೇಳಿತು:
ವರ್ಷಕ್ಕೆ ಎಪ್ಪತ್ತು ಲರಿ, ಮುಂದುವರಿಸುವುದೆ?
ಒಂದು ಪಿಯಾನೊದ ಅರ್ಧಕ್ಕೂ ಹೆಚ್ಚಿನ ಕೂಲಿ.
ಅದರ ನಕ್ಷೆ, ಬಣ್ಣ, ಕೋಷ್ಟಕ ನನಗೆ ಅರ್ಥವಾಗಿಲ್ಲ.
ಒಂದೇ ಗುಣ ಕಂಡಿದ್ದೆ ಅದರಲ್ಲಿ.
ಗಡುವು ಬರೆಯದಿದ್ದರೆ ಯಾಕೆಂದು ಕೇಳುವುದಿಲ್ಲ,
ಆದ್ಯತೆಯ ಜಾಗ ಖಾಲಿ ಬಿಟ್ಟರೆ
ಖಾಲಿಯಾಗಿಯೇ ಇರಗೊಡುತ್ತದೆ.
ದುಡ್ಡು ಕಟ್ಟಿದೆ.

ಸುತ್ತಿಗೆ ಸಿಕ್ಕಿತು, ಉಪಕರಣದ ಚೀಲದ ತಳದಲ್ಲೇ.
ಐದು ಪರ್ಸಿಮನ್ ಹಣ್ಣಿನ ಜೊತೆ ಗುರಾಮನಿಗೆ ಒಪ್ಪಿಸಿ
ಟಿಕ್ ಹಾಕಿದೆ. ಯಾವ ಬಣ್ಣವೂ ಹಾರಲಿಲ್ಲ.

ಈಗ ದಿನಾ ಪಟ್ಟಿಯ ಕೊನೆಗೆ ಅದು ಇರುತ್ತದೆ,
ಮೇಲಿನವು ಬಂದು ಹೋಗುತ್ತವೆ.
ಗಿರಾಕಿಗಳ ಮನೆ ಮುಂದೆ, ಗಂಟೆ ಒತ್ತುವ ಮುನ್ನ,
ಚೀಲ ಕೆಳಗಿಟ್ಟು ಒಂದು ಗಳಿಗೆ ನಿಲ್ಲುವುದು ಅಭ್ಯಾಸವಾಗಿದೆ.
ಮರದ ಬಿರುಕು, ಹಿತ್ತಾಳೆಯ ಹಿಡಿ,
ಯಾವುದೋ ಮಗು ಗೀಚಿದ ಹಡಗು.
ಇದೇನಾ, ಎಂದುಕೊಳ್ಳುವಷ್ಟರಲ್ಲಿ
ಒಳಗಿನಿಂದ ಯಾರೋ
'ಬಂದೆ, ಬಂದೆ' ಎನ್ನುತ್ತಾರೆ.