ಹನ್ನೊಂದನೇ ಅಧ್ಯಾಯದ ಸುಕ್ತಿ

ರಾಣೆಬೆನ್ನೂರಿನಿಂದ ಕಾರ್ಡು ಬರೆದವರೆ,
ಹೊಸದು ಎಲ್ಲಿಗೆ ಬಂತು ಎಂದು ಕೇಳಿದ್ದೀರಿ.
ಕೋಡಿಬಾಗದ ತನಕ ಬಂದಿದೆ.
ಕಾಳಿ ಸಮುದ್ರಕ್ಕೆ ಸೇರುವ ಆ ಮರಳಿನಲ್ಲಿ
ಒಂದು ಹೆಣ ಇಟ್ಟುಕೊಂಡು ಕೂತಿದ್ದೇನೆ.

ದಿನಚರಿ ಕೇಳಿದ್ದೀರಿ. ಅಂಥದ್ದೇನಿಲ್ಲ.
ಇಪ್ಪತ್ತೇಳು ವರ್ಷ ಜಿಲ್ಲಾ ಕೋರ್ಟಿನಲ್ಲಿ ಟೈಪಿಸ್ಟು.
ಸಾಕ್ಷಿ ತಡವರಿಸಿದ್ದನ್ನು ನಾನು ತಡವರಿಸದೆ ಹೊಡೆದೆ.
‘ಮೃತನ ಎಡ ಮುಷ್ಟಿಯಲ್ಲಿ ಒದ್ದೆ ಮರಳು’
ಎಂಬುದಕ್ಕೆ ಮೂರು ಕಾರ್ಬನ್ ಪ್ರತಿ ತೆಗೆದು
ಸಂಜೆ ಮನೆಗೆ ಹೋಗಿ ಅನ್ನಕ್ಕಿಟ್ಟವಳು.
ಬೇರೆ ಗುರು ಬೇಕಾಗಲಿಲ್ಲ.

ಈಗ ನಿವೃತ್ತಿ. ಐದಕ್ಕೆ ಏಳುತ್ತೇನೆ,
ಬೈತಖೋಲದ ಬೋಟುಗಳು ಕೆಮ್ಮುವ ಹೊತ್ತು.
ಉಪ್ಪುಗಾಳಿಗೆ ಕಾಗದ ಹಸಿ ಹಪ್ಪಳ.
ನಾಲ್ಕು ಪುಟ ಬರೆದು ಮೂರು ಹರಿಯುತ್ತೇನೆ.
ಮೂವತ್ತೊಂದು ಕಾದಂಬರಿ, ಮೂವತ್ತೊಂಬತ್ತು ಹೆಣ,
ಬೆರಳಿಗೆ ಮಾತ್ರ ಸಂಧಿವಾತ.

ಹುಬ್ಬಳ್ಳಿಯ ಪ್ರಕಾಶಕರು ಮುಖಪುಟ ಆಗಲೇ ಬರೆಸಿಬಿಟ್ಟರು:
ಕೆಂಪು ಸೀರೆಯ ಹೆಂಗಸು, ಕೈಯಲ್ಲಿ ಪಿಸ್ತೂಲು.
ನನ್ನ ಕತೆಯಲ್ಲಿ ಪಿಸ್ತೂಲಿಲ್ಲ,
ಕೆಂಪು ಸೀರೆಯೂ ಇಲ್ಲ.
ಇರುವುದು ಲಂಗರಿನ ಹಗ್ಗ, ಬೋಟಿನ ಮಾಲೀಕ ವಾಮನ ತಾಂಡೇಲ,
ಅವನ ಕಡೆ ಹೋಗಿ ಹಿಂದೆ ಬಾರದ ಹೆಜ್ಜೆ ಗುರುತು.
ಇರಲಿ, ದೀಪಾವಳಿಯೊಳಗೆ ಬೇಕಂತೆ.

ಹತ್ತು ಅಧ್ಯಾಯ ವಾರಪತ್ರಿಕೆಯಲ್ಲಿ ಅಚ್ಚಾಗಿವೆ.
ಅಮಾವಾಸ್ಯೆ ಅಚ್ಚಾಗಿದೆ. ಹೆಜ್ಜೆಯೂ.
ಕೊಂದವನು ಐಸ್ ಫ್ಯಾಕ್ಟರಿಯ ಮ್ಯಾನೇಜರ್ ಎಂದು
ಅಕ್ಕಿ ಡಬ್ಬದ ಚೀಟಿಯಲ್ಲಿ ಮೊದಲ ದಿನವೇ ಬರೆದಿಟ್ಟಿದ್ದೆ.

ಮೊನ್ನೆ ಶೇವಂತಿ ಹರಿಕಂತ್ರ ಬಾಗಿಲಲ್ಲಿ ಕೂತು
ನೊಗ್ಲಿ ಮೀನಿನ ರೆಕ್ಕೆ ಕತ್ತರಿಸುತ್ತಿದ್ದಳು.
ಮುಂದಿನ ಕಂತು ಅವಳಿಗೆ ಓದಿ ಹೇಳುವುದು ವಾಡಿಕೆ.
ಓದಿದೆ: ನಡುರಾತ್ರಿ, ನೀರು ಇಳಿದಿದೆ,
ಒಣ ಮರಳ ಮೇಲೆ ಅವನು ಬೋಟಿಗೆ ನಡೆದ.
ಕತ್ತಿ ನಿಂತಿತು.
‘ಬಾಯೇ, ಅಮಾಸಿ ನಡುರಾತ್ರಿ ಸುಕ್ತಿ ಎಲ್ಲಿಂದ ಬಂತು?
ಆಗ ತುಂಬಾ ಭರತಿ. ಗೋಡೆಗೆ ಹೊಡೀತದೆ ನೀರು.
ನಡೆಯೂದಾದ್ರೆ ಬೆಳಗಿನ ಜಾವ ಐದೂವರೆಗೆ ನಡೀಬೇಕು.’
ಮೀನು ಬಟ್ಟಲಿಗೆ ಹಾಕಿ, ದುಡ್ಡೆಣಿಸಿ ಹೋದಳು.

ಕೊಲೆಯನ್ನು ಐದೂವರೆ ಗಂಟೆ ಮುಂದಕ್ಕೆ ತಳ್ಳಿದೆ.
ಆಗ ಮ್ಯಾನೇಜರ್ ಮಂಜುಗಡ್ಡೆ ಎಣಿಸುತ್ತ ಹತ್ತು ಜನರೆದುರು ನಿಂತಿದ್ದಾನೆ;
ಅದೂ ಅಚ್ಚಾಗಿದೆ.
ಒಬ್ಬೊಬ್ಬರನ್ನೇ ಎಬ್ಬಿಸಿ ವಿಚಾರಿಸಿದೆ.
ಎಲ್ಲರಿಗೂ ಎಲ್ಲೋ ಒಂದು ಕೆಲಸ, ಯಾರೋ ಒಬ್ಬ ಸಾಕ್ಷಿ.
ಉಳಿದವನು ಆಸ್ಪತ್ರೆಯ ಕಂಪೌಂಡರ್.
ರಾತ್ರಿಪಾಳಿ ಮುಗಿಯುವುದು ಐದಕ್ಕೆ.

ನೀವು ಗಮನಿಸಿರಲಿಕ್ಕಿಲ್ಲ,
ನನ್ನ ಪ್ರತಿ ಕಾದಂಬರಿಯಲ್ಲೂ ಒಬ್ಬ ಕಂಪೌಂಡರ್ ಬರುತ್ತಾನೆ.
ಒಂದೇ ಪುಟ. ಕಾಗದದಲ್ಲಿ ಗುಳಿಗೆ ಕಟ್ಟಿಕೊಡುತ್ತಾನೆ,
‘ಊಟ ಆದಮೇಲೆ’ ಅನ್ನುತ್ತಾನೆ, ಹೋಗುತ್ತಾನೆ.
ಅವನು ನಮ್ಮವರು.
ಸಿವಿಲ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹಾಗೇ ಕಟ್ಟಿದವರು.
ಪ್ರೀತಿಗೆ ಇಟ್ಟ ಪುಟ ಅದು, ಕತೆಗಲ್ಲ.

ನಾಲ್ಕನೇ ಅಧ್ಯಾಯ ತೆಗೆದು ನೋಡಿದೆ.
‘ಅವನ ಪ್ಯಾಂಟಿನ ಅಂಚು ಮೊಣಕಾಲ ತನಕ ಒದ್ದೆಯಾಗಿತ್ತು.’
ಕಣ್ಣಿಗೆ ಕಟ್ಟಲಿ ಎಂದು ಬರೆದ ಸಾಲು.
ನಾನೇ ಬರೆದದ್ದು.
ಕೈಯೆಲ್ಲ ತಣ್ಣಗಾಯಿತು.

ಕರಡು ತಿದ್ದುವುದು ಅವರ ಕೆಲಸ.
ಹನ್ನೊಂದನೆಯದನ್ನು ಮೇಜಿನ ಮೇಲಿಟ್ಟು
ಒಳಗೆ ಹೋಗಿ ಕಾಯಿ ತುರಿದೆ, ಬೇಕಾದ್ದಕ್ಕಿಂತ ಹೆಚ್ಚು.
ಹೊರಗೆ ಪುಟ ತಿರುಗಿತು.
ಇನ್ನೊಂದು.
ಆಮೇಲೆ ಬಹಳ ಹೊತ್ತು ಫ್ಯಾನಿನ ಸದ್ದು.

ಬಾಗಿಲಿಗೆ ಬಂದು ನಿಂತರು, ಕನ್ನಡಕ ಹಣೆಗೇರಿಸಿ.
‘ಎರಡು ಕಡೆ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದೆ.
ಮತ್ತೆ, ಅವನು ಯಾಕೆ ಕೊಂದ ಅಂತ ಬರೆದಿಲ್ಲ ನೀನು.’
ಗೊತ್ತಿಲ್ಲ ಇನ್ನೂ, ಅಂದೆ.
‘ಸುಮ್ಮಸುಮ್ಮನೆ ಕೊಲ್ಲೂ ಮನುಷ್ಯ ಅಲ್ಲ ಅವ.
ಒಂದು ಒಳ್ಳೇ ಕಾರಣ ಕೊಡು.’

ಅದನ್ನೇ ಹುಡುಕುತ್ತಿದ್ದೇನೆ, ರಾಣೆಬೆನ್ನೂರಿನವರೆ.
ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿ
ಅವರಿಗೆ ಸಿಟ್ಟು ಬರುವುದು ಯಾವುದಕ್ಕೆಂದು
ಕೇಳಿಯೇ ಇರಲಿಲ್ಲ ನಾನು.
ಸಂಜೆ ಕಡಲ ಗೋಡೆಯ ಮೇಲೆ ಕೂತು ಕೇಳುತ್ತೇನೆ.
ಅವರು ನೀರು ನೋಡುತ್ತಾರೆ,
ಶೇಂಗಾ ಸುಲಿಯುತ್ತಾರೆ,
ಒಂದು ಹೆಸರು ಹೇಳಲು ಬಾಯಿ ತೆರೆದು
‘ನಾಳೆ’ ಅನ್ನುತ್ತಾರೆ.