ತೊಗಲಿನ ತೂತು

ಹಬ್ತಾಮು ಕೇಳಿದ, ಗೊಂಡರಿನ ಇಗರ್ಜಿಯ ಹಿಂದೆ ಮಸಿ ಅರೆಯುತ್ತ:
"ಮರಿಗೇತಾ, ಕುರುಬ, ಅರಸ, ಬೆಸ್ತ, ಸುಂಕದವ,
ಒಬ್ಬರ ಮುಖ ಒಬ್ಬರು ಕಾಣದವರು
ಬರೆದದ್ದೆಲ್ಲ ಒಂದೇ ಕಥೆಯಾದದ್ದು ಹೇಗೆ?
ಮೊದಲ ಹಾಳೆಯಲ್ಲಿ ಕೈತಪ್ಪಿದ ಮರ
ಕೊನೆಯ ಹಾಳೆಯಲ್ಲಿ ಹಣ್ಣು ಬಿಟ್ಟು ನಿಂತಿದೆ.
ದೇವರ ಉಸಿರಿಗೆ ಬೇರೆ ಸಾಕ್ಷಿ ಬೇಕೆ?"

ನಾನು ಮೇಕೆತೊಗಲು ಹೆರೆಯುತ್ತಿದ್ದೆ.
ಮಗು, ಹಿಂದಿನವರದನ್ನು ಓದಿಕೊಂಡೇ ಮುಂದಿನವರು ಬರೆದರು;
ಯಾವುದು ಒಳಗೆ, ಯಾವುದು ಹೊರಗೆ ಎಂದು ಆರಿಸಿದವರು ಬೇರೆ;
ಕಡಲಾಚೆಯವರ ವೇದಪುಸ್ತಕ ನಮ್ಮದಕ್ಕಿಂತ ತೆಳು;
ಅಂಚು ಸಮ ಮಾಡುವ ಚೂರಿ ಇಗೋ, ನನ್ನ ಕೈಯಲ್ಲೇ ಇದೆ—
ಇಷ್ಟೂ ನಾಲಿಗೆಯ ತುದಿಗೆ ಬಂದು ನಿಂತಿತು.
ಅವನ ತಾಯಿಯನ್ನು ಮಣ್ಣು ಮಾಡಿ ಒಂಬತ್ತು ದಿನ.
ಕೆಮ್ಮಿದೆ.

ರಾತ್ರಿ ಹೊಲಿಗೆಗೆ ಕೂತೆ.
ಮೇಕೆ ಬದುಕಿದ್ದಾಗ ನೊಣ ಕಚ್ಚಿದ ಜಾಗ
ತೊಗಲು ಬಿಗಿದಾಗ ತೂತಾಗಿ ಅರಳುತ್ತದೆ.
ತೇಪೆ ಹಾಕುವುದಿಲ್ಲ ನಾವು; ಅಕ್ಷರ ಬಳಸಿಕೊಂಡು ಹೋಗುತ್ತದೆ,
ಹೊಲದ ನಡುವಿನ ಗೋರಿಯನ್ನು ನೇಗಿಲು ಬಳಸಿದ ಹಾಗೆ.
ಮೈಯೆಲ್ಲ ಹುಣ್ಣಾದವ ಬೂದಿಯಲ್ಲಿ ಕೂತು
ಯಾಕೆಂದು ದೇವರನ್ನು ಜಗ್ಗಿದ ಹಾಳೆ ಅದು.
ಇಷ್ಟು ಶತಮಾನ, ಇಷ್ಟು ಕೈ;
ಆ ಯಾಕೆಯನ್ನು ಯಾರೂ ಉಜ್ಜಿ ಅಳಿಸಲಿಲ್ಲ.

ತೂತಿನಲ್ಲಿ ಕೆಳಗಿನ ಹಾಳೆಯ ಒಂದೇ ಪದ ಇಣುಕುತ್ತಿತ್ತು:
ಕೇಳಿದೆ.
ಪ್ರಶ್ನೆ ಕೇಳಿದವನದೋ, ಕೂಗು ಕೇಳಿಸಿಕೊಂಡವನದೋ,
ಪದ ಹೇಳುವುದಿಲ್ಲ.
ನೊಣಕ್ಕೆ ಓದು ಬಾರದು. ಅಷ್ಟು ಮಾತ್ರ ಬಲ್ಲೆ.

ಕಣ್ಣು ಮಬ್ಬು ನನಗೆ. ಹಬ್ತಾಮುವನ್ನು ಎಬ್ಬಿಸಿದೆ,
ದಾರ ಪೋಣಿಸಲೆಂದು.
ಪೋಣಿಸಿದ. ದೀಪವನ್ನು ಹಾಳೆಯ ಹತ್ತಿರ ತಂದ.
ತೂತಿನ ಮೇಲೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ,
ಕೊಡ ಕಳೆದುಕೊಂಡವರು ಬಾವಿಗೆ ಬಗ್ಗುವ ಹಾಗೆ.