ಹನ್ನೆರಡು ಚದರ ಫೂಟು

ನವನಗರದ ರಸ್ತೆ ಅಂದ್ರ ಪಟ್ಟಿ ಹಿಡಿದು ಎಳೆದ ಗೆರಿ.
ಸೆಕ್ಟರಿನ ಮೂಲಿ ಪ್ಲಾಟಿಗೆ ನಾ ಹೋದಾಗ
ಮಧ್ಯಾಹ್ನ ಎರಡೂವರಿ,
ಗೇಟಿನ ಕಬ್ಬಿಣ ಮುಟ್ಟಿದರ ಕೈ ಚುರ್ ಅಂತಿತ್ತು.
ಬಗಲಾಗ ಸುತ್ತಿದ ನಕಾಶಿ, ಕೈಯಾಗ ಟೇಪು,
ಚೀಲದಾಗ ನಲವತ್ತು ಥರದ ಬಿಳಿ ಬಣ್ಣದ ಚೀಟಿ.
ಒಂದು ಬಿಳಿಗೆ ಮೊಟ್ಟೆ ಅಂತ ಹೆಸರು, ಇನ್ನೊಂದಕ್ಕ ಹಿಮ.
ಮೊದಲನೇದನ್ನ ಇಂದ್ರವ್ವ ಮಾತಾಡದ ಬದಿಗಿಟ್ಟಳು.
ಎರಡನೇದಕ್ಕ, "ಯಾರು ನೋಡ್ಯಾರ?" ಅಂದಳು.

ಹಾಲಿಗೆ ಫಾಲ್ಸ್ ಸೀಲಿಂಗ್ ಅಂದೆ.
"ಖರೇ ಮಾಳಿಗಿ ಇರಾಗ ಸುಳ್ಳ ಮಾಳಿಗಿ ಯಾಕ?"
ಓಪನ್ ಕಿಚನ್ ಅಂದೆ.
"ಮೆಣಸಿನಕಾಯಿ ಹುರದ್ರ
ಟೀವಿ ಒಳಗಿನವರೂ ಕೆಮ್ಮತಾರ, ತಂಗಿ."
ಒಂದ ಒಂದು ಮಾಡ ಕೇಳಿದಳು, ಗ್ವಾಡಿಯೊಳಗ,
ಕೈ ಎತ್ತದನ ಸಿಗೋ ಎತ್ತರಕ್ಕ, ಅಂಗೈಯಷ್ಟು ಆಳ:
ಕೀಲಿ, ಸೂಜಿದಾರ, ಅರ್ಧ ಗುಳಿಗಿ,
ಕಿತ್ತ ಗುಂಡಿ ಮತ್ತ ಹಚ್ಚೋ ತನಕ ಇಡಾಕ.

ಸಂಗನಬಸಪ್ಪಗ ಎಲ್ಲಾ ಒಪ್ಪಿಗಿ.
ಸಿಮೆಂಟಿನ ಅಂಗಡಿ ಅವರದು, ಮಾತಿಗೂ ಚೀಲದ ಲೆಕ್ಕ.

ಅಂಗಳಕ್ಕ ಬಂದ್ವಿ.
ಹುಲ್ಲಿನ ಹಾಸು, ಕಟ್ಟಿಗಿ ಚಪ್ಪರ, ಬೆತ್ತದ ಜೋಕಾಲಿ,
ರಾತ್ರಿ ಗಿಡದ ಬುಡಕ್ಕ ಹಳದಿ ದೀಪ.
ಚಲೋ ಐತಿ ಅಂದಳು, ನನ್ನ ಪೆನ್ಸಿಲ್ ಇಸಗೊಂಡಳು,
ಕಾಂಪೌಂಡಿನ ಗೆರಿ ದಾಟಿ ಹೊರಗ
ಒಂದು ಉದ್ದನ ಡಬ್ಬಿ ಬರದಳು.
"ಇಲ್ಲೊಂದು ಕಟ್ಟಿ."
"ಅವ್ವಾರ, ಅದು ಮನಿ ಹೊರಗ ಆತು."
"ಹೌದಲ್ಲ. ಒಳಗ ಕುಂಡ್ರಾಕ ನಾವ ಅದೀವಿ."
"ಅಲ್ಲಿ ಕುಂಡ್ರೋರು ಯಾರು?" ಅಂದರು ಸಂಗನಬಸಪ್ಪ.
"ಗೊತ್ತಿದ್ರ ಕುರ್ಚಿ ಹಾಕತಿದ್ದೆ."

ಹೊರಗಿನ ನೆಲ ರಸ್ತೆದು, ಒಂದು ಇಟ್ಟಂಗಿ ಇಡಂಗಿಲ್ಲ.
ಹಂಗಾರ ಗ್ವಾಡಿ ಒಂಚೂರು
ಹೊಟ್ಟಿ ಒಳಗ ಎಳಕೊಳ್ಳಲಿ, ಅಂದಳು.
ಆರು ಫೂಟು ಉದ್ದ, ಎರಡು ಫೂಟು ಒಳಗ.
ಸಂಗನಬಸಪ್ಪ ಹನ್ನೆರಡು ಚದರಕ್ಕ ಇವತ್ತಿನ ರೇಟು ಹೇಳಿದರು,
ಮತ್ತೊಮ್ಮೆ ಹೇಳಿದರು, ಕಿವಿ ಕೇಳದವರಿಗೆ ಹೇಳಿದಂಗ.

ಅಕಿ ನನಗ ಹೇಳಿದಳು, ಅವರಿಗಲ್ಲ:
"ಹಳೇ ಊರಾಗ ನಮ್ಮ ಮನಿ ಅಳಿಯಾಕ ಬಂದವ
ಕಂಬ ಎಣಿಸಿದ, ತೊಲಿ ಎಣಿಸಿದ,
ಬಾಗಲಕ್ಕ ಸುಣ್ಣದಾಗ ನಂಬರ ಬರದ.
ಕಟ್ಟಿ ಮ್ಯಾಲೆ ಕುಂತು ಚಾ ಕುಡದ,
ಅದರ ಮ್ಯಾಲೇ ಕುಂತು ವಹಿಯಾಗ ಬರದ:
ಕಟ್ಟಿ ರಸ್ತೆದು, ಪರಿಹಾರ ಇಲ್ಲ.
ಮನಿ ರೊಕ್ಕ ಬಂತು, ಮನಿ ಆತು.
ಅದೊಂದು ಬಾಕಿ."

ಪೂರಾ ಒಂದು ವಾರ ಯಾರೂ ಫೋನ್ ಮಾಡಲಿಲ್ಲ.
ಆಮ್ಯಾಲೆ ಸಂಗನಬಸಪ್ಪ, ಒಂದ ಮಾತು:
"ಹಚ್ಚು. ಸಿಮೆಂಟು ಅಂಗಡ್ಯಾಂದ ಬರತೈತಿ."

ಬದಾಮಿ ಕಡಿಂದ ಕೆಂಪು ಹಾಸಗಲ್ಲು ಬಂತು.
ಗೌಂಡಿ ಹುಸೇನಸಾಬ ಎತ್ತರ ಎಷ್ಟಂತ ಕೇಳಿದ್ರು.
ಹದಿನೆಂಟು ಇಂಚು, ಅಂದೆ, ಪುಸ್ತಕದಾಗ ಇದ್ದಂಗ.
"ಯಾರ ಮೊಣಕಾಲು ಹಿಡದು?"
ಮೊಸರು ಮಾರಾಕ ಹೊಂಟಿದ್ದ ದ್ಯಾಮವ್ವನ್ನ ಕರದು
ಇಟ್ಟಂಗಿ ಒಟ್ಟಿ ಕುಂಡ್ರಿಸಿದ್ರು,
ಒಂದು ಸಾಲು ತಗದ್ರು, ಮತ್ತ ಕುಂಡ್ರಿಸಿದ್ರು.
ಅಕಿ ಹಿಮ್ಮಡ ನೆಲಕ್ಕ ಹತ್ತಿದಾಗ ಹದಿನಾಲ್ಕೂವರಿ.
ತುದಿ ದುಂಡಗ, ಸೀರಿ ಸಿಗಬಾರದು.
ಮಳಿನೀರು ನಿಲ್ಲದಂಗ ಗುಲಗಂಜಿಯಷ್ಟು ಇಳಿಜಾರು.
ನನ್ನ ನಕಾಶ್ಯಾಗ ಇವು ಯಾವೂ ಇರಲಿಲ್ಲ.

ಕೆಲಸ ಮುಗಿದ ದಿನ ಫೋಟೋ ತಗದೆ,
ಹಾಲಿಂದು, ಜೋಕಾಲಿದು, ಹಳದಿ ದೀಪದ್ದು.
ಕಟ್ಟಿದು ಆಗಲಿಲ್ಲ. ಅದರ ಮ್ಯಾಲೆ ಯಾರೋ
ಮಾರಿ ಮ್ಯಾಲೆ ಟವೆಲ್ ಹಾಕ್ಕೊಂಡು ಮಲಗಿದ್ದ.

ಕಡೀ ಬಿಲ್ಲಿಂದು ಹದಿನೈದು ಸಾವಿರ ಇನ್ನೂ ಬರಬೇಕು.
ಇವತ್ತೂ ಬಂದೀನಿ. ಅವರು ಅಂಗಡ್ಯಾಗ ಅದಾರಂತ.
ಒಳಗ ಬಾ ಅಂದಳು ಇಂದ್ರವ್ವ. ಇರಲಿ ಅಂದೆ.
ತಲಿಗೆ ಎರಡು ಫೂಟಿನಂಗ ಮೂರ ಮಂದಿ, ನನ್ನ ಲೆಕ್ಕ.
ದ್ಯಾಮವ್ವ ಗಡಿಗಿ ತೊಡಿ ಮ್ಯಾಲೆ ಎತ್ತಿಟ್ಟುಕೊಂಡು
ಸರಕೊಂಡಳು, ಮೂರು ಸಾಲಿ ಹುಡುಗೂರೂ ಸರಕೊಂಡರು.
ಐದನೇದಾಕಿ ನಾನು.
ಹೊತ್ತು ಮುಳುಗಾಕ ಬಂದೈತಿ,
ಕಲ್ಲು ಇನ್ನೂ ಬೆಚ್ಚಗೈತಿ.